ಬೇವಿನ ಮರದ ಎರಡನೆಯ ಮಧುರಕಂಠ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾವೇ ಕಂಡುಹಿಡಿದೆವು ಎಂದು ನೀವು ಬೀಗುವುದು ಬೇಡ: ಈ ಬರಹದಲ್ಲಿ ಕತ್ತೆ ನಾನೇ. ಸಿಳ್ಳೆ ಹೊಡೆಯಬೇಡ ಎಂದ ಜಾಗದಲ್ಲಿ ಸಿಳ್ಳೆ ಹೊಡೆದವನು ನಾನು. ಹೊಡೆದದ್ದು ನಾನಲ್ಲ ಎಂಬ ಮುಖ ಹೊತ್ತು ವಾರಕ್ಕೂ ಹೆಚ್ಚು ದಿನ ತಿರುಗಿದವನೂ ನಾನೇ. ಇನ್ನೂ ಕೆಲವು ಕತ್ತೆಗಳು ಮುಂದೆ ಬರುತ್ತವೆ, ಅವುಗಳ ಕೈಯಲ್ಲಿ ಕ್ಯಾಮೆರಾ ಇರುತ್ತದೆ. ಆದರೆ ಮುಖ್ಯ ಪಾತ್ರ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಬಣ್ಣ ಹಚ್ಚುವವರು ಥಿನ್ನರಿನ ಡಬ್ಬ ತೆರೆದರು. ಸಿಹಿಯಾದ, ತಣ್ಣಗಿನ, ಮೂಗಿನ ಬುಡಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂರುವ ವಾಸನೆ. ಎಲ್ಲರೂ ಕರವಸ್ತ್ರ ಹಿಡಿದು ಲಿಫ್ಟಿಗೆ ಓಡಿದರು. ನಾನು ಮೂರನೆಯ ಮೆಟ್ಟಿಲ ಮೇಲೆ ನಿಂತೇಬಿಟ್ಟೆ. ಕಾಕುವಿನ ಶಾಲಿನ ವಾಸನೆ ಅದು… ಫ್ಯಾಕ್ಟರಿ ಬಿಟ್ಟು ಎಷ್ಟು ವರ್ಷವಾದರೂ ಆ ಶಾಲನ್ನು ಬಿಡದ ವಾಸನೆ.

ಕಾಕು ಎಂದರೆ ಆಗ ನಮ್ಮ ಮೇಲಿನ ಮನೆಯಲ್ಲಿದ್ದವಳು. ರಕ್ತಸಂಬಂಧ ಏನೂ ಇಲ್ಲ. ಅವರು ಬೀದರ್ ಕಡೆಯವರು, ನಾವು ರಾಯಚೂರಿನವರು. ಮಿಯಾಪುರದ ಆ ಕಾಲೊನಿಯಲ್ಲಿ ಗೇಟಿನ ಹತ್ತಿರ ತೆಲುಗು, ತರಕಾರಿ ಗಾಡಿಯ ಹತ್ತಿರ ಹಿಂದಿ; ಮೆಟ್ಟಿಲ ಮೇಲೆ ಯಾರಾದರೂ ಕನ್ನಡದಲ್ಲಿ ಬೈದುಕೊಂಡರೆ ಸಾಕು, ಅಲ್ಲೇ ಸಂಬಂಧ ಹುಟ್ಟಿಬಿಡುತ್ತಿತ್ತು. ಅವಳ ಗಂಡ ಸಿಕಂದರಾಬಾದಿನ ಒಂದು ಕಚೇರಿಗೆ ಟಿಫಿನ್ ಡಬ್ಬಿ ಹಿಡಿದು ಹೋಗಿ ಅದೇ ಡಬ್ಬಿ ಹಿಡಿದು ಬರುತ್ತಿದ್ದರು. ಆ ಮನುಷ್ಯ ಮಾತಾಡಿದ್ದನ್ನು ನಾನು ಕೇಳಿದ ನೆನಪಿಲ್ಲ. ಇಬ್ಬರ ಪಾಲಿನ ಮಾತನ್ನೂ ಕಾಕುವೇ ಆಡುತ್ತಿದ್ದಳು.

ಅವಳು ಜೀಡಿಮೆಟ್ಲಾದ ಒಂದು ಗುಳಿಗೆ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದ್ದಳು. ದೀಪದ ಕೆಳಗೆ ಬೆಲ್ಟ್ ಓಡುತ್ತದೆ, ಬೆಲ್ಟಿನ ಮೇಲೆ ಸಾವಿರಾರು ಬಿಳಿ ಗುಳಿಗೆಗಳು ಹೋಗುತ್ತವೆ. ಅದರಲ್ಲಿ ಅಂಚು ಮುರಿದದ್ದು, ಕಪ್ಪು ಚುಕ್ಕೆ ಇದ್ದದ್ದು ಕಂಡರೆ ಎತ್ತಿ ಹೊರಗೆ ಹಾಕಬೇಕು. ಅದಕ್ಕೆ ಅವರ ಭಾಷೆಯಲ್ಲಿ ರಿಜೆಕ್ಟ್ ಎಂದು ಹೆಸರು. ವರ್ಷಕ್ಕೊಮ್ಮೆ ಆ ಹೆಂಗಸರ ಕಣ್ಣು ಪರೀಕ್ಷೆ ಆಗುತ್ತಿತ್ತು. ಒಂದು ವರ್ಷ ಡಾಕ್ಟರು ಕಾಕುವಿನ ಕಣ್ಣಲ್ಲೇ ಕಪ್ಪು ಕಂಡುಹಿಡಿದರು. ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ. ನೋಟದ ನಡುವೆ ಏನೂ ಆಗುವುದಿಲ್ಲವಂತೆ, ಅಂಚುಗಳು ಮಾತ್ರ ಸದ್ದಿಲ್ಲದೆ ಸವೆಯುತ್ತ ಬರುತ್ತವಂತೆ. ಎಡಗಣ್ಣಿನದು ಆಗಲೇ ಬಹಳ ಹೋಗಿತ್ತು. ಕಾಕುವನ್ನು ಬೆಲ್ಟಿನಿಂದ ಎತ್ತಿ ಹೊರಗೆ ಹಾಕಿದರು.

ಮನೆಗೆ ಬಂದ ಮೊದಲ ತಿಂಗಳು ಅವಳಿಗೆ ಹುಚ್ಚು ಹಿಡಿಯುವುದೊಂದೇ ಬಾಕಿಯಂತೆ. ನೋಡಲಿಕ್ಕೆ ಏನೂ ಓಡುತ್ತಿರಲಿಲ್ಲ. ಮಾಳಿಗೆಯ ಮೇಲೆ ಕೂತು ನಮ್ಮ ಬಿಲ್ಡಿಂಗಿನ ಹಿಂದಿನ ಕುರುಚಲು ಕಾಡು ನೋಡುತ್ತಿದ್ದಳು: ಸೀತಾಫಲದ ಪೊದೆ, ಜಾಲಿ, ಹತ್ತಿಪ್ಪತ್ತು ಬೇವಿನ ಮರ, ಗಜಗಾತ್ರದ ಬಂಡೆಗಳು. ಒಂದು ದಿನ ಎಲೆಗಳ ನಡುವೆ ಒಂದು ಎಲೆ ಗಾಳಿಗೆ ಎದುರಾಗಿ ಅಲುಗಾಡಿತು. ಕಾಕು ಅಭ್ಯಾಸಬಲದಿಂದ ಕೈ ಚಾಚಿದಳಂತೆ, ಎತ್ತಿ ಹಾಕಲು. ಅದು ಹಕ್ಕಿಯಾಗಿತ್ತು.

ನಾನಾಗ ಒಂದು ಕಾಲ್ ಸೆಂಟರಿನಲ್ಲಿದ್ದೆ. ನಗರಕ್ಕೆ ಕಂಪ್ಯೂಟರಿನ ಜ್ವರ ಏರಿದ ಕಾಲ. ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು, ಗಾಜಿನ ಕಟ್ಟಡ ಎದ್ದಲ್ಲೆಲ್ಲ ನನ್ನಂಥವರು ಕೊರಳಿಗೆ ಪಟ್ಟಿ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಮನೆಯಲ್ಲಿ ರಾಯಚೂರಿನವನು, ಫೋನಿನಲ್ಲಿ ಕೆವಿನ್. ನನಗೆ ಇದ್ದ ಏಕೈಕ ವಿದ್ಯೆ ಇನ್ನೊಬ್ಬರ ಗಂಟಲು. ಅಪ್ಪ ಪೇಪರ್ ಓದುತ್ತ ಕೆಮ್ಮುವುದನ್ನು ನಾನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಕಾಲೊನಿಯ ಕಾರ್ಯದರ್ಶಿಯ ತೊದಲು, ನಮ್ಮ ಟೀಮ್ ಲೀಡಿನ ಮೂಗಿನ ಇಂಗ್ಲಿಷು, ಸಂದರ್ಶನದ ದಿನ ನಾನೇ ಬೆವರುತ್ತ ಒದರಿದ ಇಂಗ್ಲಿಷು, ಎಲ್ಲ ಸ್ಟಾಕಿನಲ್ಲಿತ್ತು. ಕಾಕುವನ್ನೂ ಬಿಟ್ಟಿರಲಿಲ್ಲ. ಅವಳ ಎದುರಿಗೇ ಅವಳ ಹಾಗೆ ಮಾತಾಡಿದರೆ ಶಾಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಿಠ್ಠೂ ಎನ್ನುತ್ತಿದ್ದಳು, ಪಂಜರದ ಗಿಳಿಗೆ ಹೇಳುವ ಹಾಗೆ.

ಪಾಳಿ ಮುಗಿಸಿದ ನನ್ನನ್ನು ಕಂಪನಿಯ ಸುಮೊ ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಉದುರಿಸಿ ಹೋಗುತ್ತಿತ್ತು. ಆಗಲೇ ಕಾಕು ಶಾಲು ಹೊದ್ದು, ಕಾಲಿಗೆ ಗಂಡನ ಹಳೆಯ ಬೂಟು ಹಾಕಿಕೊಂಡು ಇಳಿದುಬರುತ್ತಿದ್ದಳು.

"ಬಂದೇನೋ ಮಿಠ್ಠೂ? ಅಮೇರಿಕಾದಾಗ ಎಲ್ಲಾರೂ ಆರಾಮ್ ಅದಾರೇನು?"

"ಅವರ ಕಂಪ್ಯೂಟರ್ ಕೆಟ್ಟಾವು ಕಾಕು, ಅವರು ಆರಾಮ್ ಅದಾರ."

"ನಿನ್ನ ಮಾತು ಕೇಳಿದ ಮ್ಯಾಲೂ? ಬಾ, ಒಂದು ಗಳಿಗಿ ನಿಜವಾದ್ದು ಏನರ ನೋಡು."

ಹೀಗೆ ನಾನು ನಿದ್ದೆಗಣ್ಣಲ್ಲಿ ಅವಳ ಹಿಂದೆ ಹೋಗತೊಡಗಿದೆ. ಮೊದಲ ಹದಿನೈದು ದಿನ ನನಗೆ ಎಲೆ ಬಿಟ್ಟು ಏನೂ ಕಾಣಲಿಲ್ಲ. ಆ ಹಕ್ಕಿಗಳು ಹೆಬ್ಬೆರಳಿನಷ್ಟು. ಒಂದು ಕ್ಷಣ ಕೂತಲ್ಲಿ ಕೂರುವುದಿಲ್ಲ. ಬೆಳ್ಗಣ್ಣ, ಸಿಂಪಿಗ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುವ ನೊಣಹಿಡುಕ. ನಾನು "ಎಲ್ಲಿ?" ಎನ್ನುವಷ್ಟರಲ್ಲಿ ಅವು ಇನ್ನೊಂದು ಮರದಲ್ಲಿ ಇರುತ್ತಿದ್ದವು. ಕಾಕುವಿಗೆ ಸಿಟ್ಟು ಬರುತ್ತಿತ್ತು.

"ಹಕ್ಕಿ ಹುಡುಕಬ್ಯಾಡೋ. ಎಲಿನೂ ನೋಡಬ್ಯಾಡ. ಬೆಲ್ಟ್ ಹೋಗಾಕತ್ತೈತಿ ಅಂತ ತಿಳಕೊಂಡು ಸುಮ್ಮ ನಿಂದ್ರು. ತಪ್ಪಿದ್ದು ತಾನ ಬಂದು ಕಣ್ಣಿಗೆ ಬಡಿತೈತಿ. ಅಕಾ, ರಿಜೆಕ್ಟ್!"

ಹೌದು, ಹಕ್ಕಿ ಕಂಡಾಗೆಲ್ಲ ಅವಳು ಪಿಸುಗುಟ್ಟುತ್ತಿದ್ದದ್ದು ಅದೇ: ರಿಜೆಕ್ಟ್. ಇಡೀ ಮರದ ಹಸಿರು ಪಾಸಾಗಿ ಹೋಗುತ್ತಿತ್ತು, ಹಕ್ಕಿ ಮಾತ್ರ ಅವಳ ಕೈಗೆ ಸಿಗುತ್ತಿತ್ತು. ನೋಟದ ನಡುವಿನಿಂದಲ್ಲ, ಅಂಚಿನಿಂದ ಮಾಡುವ ಕೆಲಸ ಅದು. ಅವಳ ಕಣ್ಣು ಕಳೆದುಕೊಳ್ಳುತ್ತಿದ್ದದ್ದೂ ಅದೇ ಅಂಚನ್ನು. ಹೋದ ವರ್ಷ ಸಿಗುತ್ತಿದ್ದ ಹಕ್ಕಿಗಳಲ್ಲಿ ಅರ್ಧ ಈ ವರ್ಷ ಸಿಗುವುದಿಲ್ಲ ಎಂದು ಒಮ್ಮೆ ಲೆಕ್ಕ ಹೇಳುವವಳ ಹಾಗೆ ಹೇಳಿದಳು. ಬೇಸರ ತೋರಿಸಲಿಲ್ಲ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. "ಮುಚ್ಚು, ಹಕ್ಕಿ ಹಾರ್ತಾವು" ಎಂದಳು.

ಆ ಕಾಡಿನಲ್ಲಿ ಅವಳಿಗೆ ಎಲ್ಲಕ್ಕಿಂತ ಮೇಲಾದದ್ದು ಮಧುರಕಂಠದ ಒಂದು ಜೋಡಿ. ಗಂಡಿಗೆ ಕಪ್ಪು ಟೋಪಿ, ನಿಂಬೆಹಣ್ಣಿನ ಎದೆ, ಕಪ್ಪು ರೆಕ್ಕೆಯ ಮೇಲೆ ಸುಣ್ಣದ ಎರಡು ಗೆರೆ. ಹೆಣ್ಣು ಬರೀ ಹಸಿರು ಹಳದಿ, ಎಲೆಗೆ ಎಲೆ. ಗಂಡು ಉದ್ದಕ್ಕೆ ಎಳೆದು ಸಿಳ್ಳೆ ಹಾಕುತ್ತದೆ, ವೀಈಈ… ಎಂದು ಸಣ್ಣಗೆ ಏರಿ, ಥಟ್ಟನೆ ಚ್ಯೂ ಎಂದು ಬೀಳುತ್ತದೆ. ನಾನು ಕೇಳಿದ ಮೊದಲ ದಿನವೇ ಹಾಗೇ ಹೊಡೆದೆ. ಗಂಡು ಬಂದೇಬಿಟ್ಟಿತು, ಮೈಯೆಲ್ಲ ಉಬ್ಬಿಸಿ ಹಳದಿ ಉಣ್ಣೆಯ ಉಂಡೆಯಾಗಿ ನಮ್ಮ ತಲೆಯ ಮೇಲಿನ ಟೊಂಗೆಗೆ. ಕಾಕು ಶಾಲು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಪ್ರೆಶರ್ ಕುಕ್ಕರ್ ಹೊಡದಂಗ ಹೊಡದಿ, ಆದರೂ ಬಂತು ನೋಡು ಪಾಪ. ತನ್ನ ಜಾಗಾದಾಗ ಇನ್ನೊಂದು ಗಂಡು ಹೊಕ್ಕೈತಿ ಅಂತ ತಿಳಕೊಂಡೈತಿ. ಒಮ್ಮೆ ಆತು, ಸಾಕು. ಇಲ್ಲಿ ಮತ್ತ ಸಿಳ್ಳಿ ಹೊಡಿಬ್ಯಾಡ. ಅದಕ್ಕ ಮನಿ ಕಟ್ಟೋ ಕೆಲಸ ಐತಿ."

"ಆತು ಕಾಕು" ಎಂದೆ. ಅಂದದ್ದು ನಾನೇ. ಯಾರದೂ ಮಿಮಿಕ್ರಿಯಲ್ಲ.

ಮೂರು ವರ್ಷದಿಂದ ಅವಳು ಆ ಜೋಡಿಯನ್ನು ಕಾಯುತ್ತಿದ್ದಳು. ಮೊದಲ ವರ್ಷ ಕರೆಂಟಿನವರು ತಂತಿಗೆ ತಾಗುತ್ತದೆಂದು ಗೂಡಿದ್ದ ಟೊಂಗೆಯನ್ನೇ ಕಡಿದರು. ಎರಡನೆಯ ವರ್ಷ ಬಿರುಗಾಳಿಗೆ ಹೋಯಿತು. ಈಗ ಮೂರನೆಯದು: ಮೊದಲ ಮಳೆ ಬಿದ್ದ ವಾರ ಬೇವಿನ ಕವಲಿನಲ್ಲಿ ಜೇಡರ ಬಲೆಯಿಂದ ಮೆತ್ತಿದ ಸಣ್ಣ ಬಟ್ಟಲು, ಇರಾನಿ ಚಹಾದ ಕಪ್ಪಿಗಿಂತ ಚಿಕ್ಕದು. ಕಾಕು ಗಂಡ ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಕೋಲಿಗೆ ಕಟ್ಟಿ ಒಂದೇ ಒಂದು ಸಲ ಮೇಲೆತ್ತಿ ನೋಡಿದಳು. ಮೂರು ಮೊಟ್ಟೆ. ಗಂಡ ಸಿಕಂದರಾಬಾದಿನ ಹಳೆಯ ಪುಸ್ತಕದಂಗಡಿಯಿಂದ ತಂದುಕೊಟ್ಟಿದ್ದ ಪುಸ್ತಕದಲ್ಲಿ ಹದಿನಾಲ್ಕು ದಿನ ಕಾವು ಎಂದಿತ್ತಂತೆ. ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ ದಿನಕ್ಕೊಂದು ಸೀಮೆಸುಣ್ಣದ ಗೆರೆ ಎಳೆಯತೊಡಗಿದಳು.

"ಮರಿ ಗೂಡಿನ ಅಂಚಿಗೆ ಬಂದು, ಹಾರಲೋ ಬ್ಯಾಡೋ ಅಂತ ನಿಂತು, ಹಾರತೈತಲ್ಲ, ಅದೊಂದು ನೋಡಬೇಕೋ ಮಿಠ್ಠೂ. ಮುಂದಿನ ಮಳಿಗೆ ನನ್ನ ಕಣ್ಣು ಎಷ್ಟು ಉಳದಿರ್ತಾವೋ. ಈ ಸಲ ಆದರ ಆತು."

ಇಷ್ಟೇ ಅವಳು ಬೇಡಿದ್ದು. ನಾನು ಏನು ಮಾಡಿದೆ ಎಂದರೆ, ಆಫೀಸಿನ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟೆ.

ನಮ್ಮ ಟೀಮ್ ಲೀಡು ಹಕ್ಕಿಪ್ರೇಮಿ. ಹಾಗೆಂದು ಅವನೇ ಹೇಳಿಕೊಂಡಿದ್ದ. ಆರು ತಿಂಗಳು ಅಮೆರಿಕಕ್ಕೆ ಹೋಗಿ ಬಂದವನು ಒಂದು ಬಿಳಿಯ ಲೆನ್ಸ್ ತಂದಿದ್ದ. ಅದನ್ನು ಎತ್ತಿಕೊಂಡರೆ ಬಾಣಂತಿ ಕೂಸನ್ನು ಎತ್ತಿಕೊಂಡ ಹಾಗೆ ಕಾಣುತ್ತಿದ್ದ. ಮೈಗೆ ಎಲೆ ಚಿತ್ರದ ಮಿಲಿಟರಿ ಅಂಗಿ, ಕಾಲಿಗೆ ಹೊಳೆಯುವ ಕಿತ್ತಳೆ ಬೂಟು. ಹಕ್ಕಿಗೆ ಅಂಗಿ ಕಾಣಬಾರದು, ಬೂಟು ಕಂಡರೆ ಅಡ್ಡಿಯಿಲ್ಲ ಎಂದು ಯಾವ ಗುರು ಹೇಳಿಕೊಟ್ಟಿದ್ದನೋ. ಅವನ ಹಿಂದೆ ಇನ್ನು ನಾಲ್ವರು, ಲೀಡಿನ ಲೆನ್ಸಿಗಿಂತ ಒಂದೊಂದು ಗೇಣು ಗಿಡ್ಡ ಲೆನ್ಸು ಹಿಡಿದವರು. ಅದಕ್ಕಿಂತ ಉದ್ದದ್ದು ಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ, ಬಡ್ತಿಯ ಪಟ್ಟಿ ಬರೆಯುವವನು ಅವನೇ. ಇವರು ಹಕ್ಕಿ ನೋಡುತ್ತಿರಲಿಲ್ಲ. ಹೊಡೆಯುತ್ತಿದ್ದರು. "ಹೊಡದೆ, ಸಿಕ್ತು, ಕಣ್ಣು ಶಾರ್ಪ್ ಬಂದಿದೆ" ಇಷ್ಟೇ ಮಾತು. ಹಕ್ಕಿ ಎದುರಿಗೆ ಕೂತಿರುವಾಗಲೇ ಐದೂ ಜನ ತಲೆ ತಗ್ಗಿಸಿ ಕ್ಯಾಮೆರಾದ ಬೆನ್ನಿನಲ್ಲಿ ಅದೇ ಹಕ್ಕಿಯನ್ನು ನೋಡುತ್ತಿದ್ದರು. ದೇವರು ಪ್ರತ್ಯಕ್ಷನಾದರೆ ಇವರು ಅವನಿಗೆ ಬೆನ್ನು ತಿರುಗಿಸಿ ಕ್ಯಾಲೆಂಡರಿಗೆ ಕೈ ಮುಗಿಯುವವರು.

ಆದರೆ ಮರಗಳೊಳಗಿನ ಚಿಕ್ಕ ಹಕ್ಕಿಗಳು ಇವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಬಿಳಿಯ ಲೆನ್ಸು ಎದ್ದು ನಿಲ್ಲುವಷ್ಟರಲ್ಲಿ ಟೊಂಗೆ ಖಾಲಿ. ಲೀಡಿನ ಬಳಿ ಖಾಲಿ ಟೊಂಗೆಗಳ ಸಂಗ್ರಹ ಅಮೋಘವಾಗಿತ್ತು. ಆಫೀಸಿನ ಫೋಟೊ ಸ್ಪರ್ಧೆ ಹತ್ತಿರ ಬಂದಿತ್ತು. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಲು ನೋಡಿದ. ಆ ಕಾಲದ ಮೊಬೈಲಿನ ದನಿಗೆ ಹಕ್ಕಿಯಲ್ಲ, ಒಂದು ಬೆಕ್ಕು ಬಂತು. ಆಗ ಕ್ಯಾಂಟೀನಿನಲ್ಲಿ ಈ ಮಿಠ್ಠೂ ಬಾಯಿ ತೆರೆದು ವೀಈಈ… ಚ್ಯೂ ಎಂದಿತು. ಲೀಡಿನ ಚಮಚ ಕೈಯಲ್ಲೇ ನಿಂತಿತು.

"ಕಹಾಂ ಮಿಲ್ತಾ ಯೇ?"

"ನಮ್ಮ ಮನೆ ಹಿಂದೆ."

ಅದೇ ವಾಕ್ಯದ ಬಾಲಕ್ಕೆ ಅವನು ಟ್ರೇನರ್ ಹುದ್ದೆಯ ಮಾತು ಕಟ್ಟಿದ. ಹಗಲು ಪಾಳಿ, ಕೆವಿನ್‌ನಿಂದ ಬಿಡುಗಡೆ. ನಾನು ಬಹಳ ಹೊತ್ತು ಯೋಚಿಸಿದೆ ಎಂದು ಬರೆದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಚಹಾ ಆರುವ ಮೊದಲೇ ಒಪ್ಪಿದೆ.

ಕಾಕು ಏಳೂವರೆಗೆ ಗಂಡನ ಡಬ್ಬಿ ಕಟ್ಟಲು ಮನೆಗೆ ಮರಳುತ್ತಿದ್ದಳು. ನಾನೂ ಅವಳ ಜೊತೆ ಬಂದು, "ನಿದ್ದಿ ಬರಾಕತ್ತೈತಿ ಕಾಕು" ಎಂದು ಆಕಳಿಸಿ, ಹಿಂದಿನ ಗೋಡೆ ಹಾರಿ ಮತ್ತೆ ಕಾಡಿಗೆ. ಎಂಟಕ್ಕೆ ಅವರ ಕಾರು. ನನ್ನನ್ನು ಅವರು ಸ್ಪೀಕರ್ ಎಂದು ಕರೆಯುತ್ತಿದ್ದರು. "ಸ್ಪೀಕರ್, ಔರ್ ಏಕ್ ಬಾರ್ ಬಜಾ!" ನಾನು ಬಜಾಯಿಸುತ್ತಿದ್ದೆ. ಗೂಡಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ, ಅಷ್ಟು ನಿಯತ್ತು ನನ್ನದು. ಬೇವಿನಿಂದ ಐವತ್ತು ಹೆಜ್ಜೆ ದೂರ, ಸೀತಾಫಲದ ಪೊದೆಯ ಹಿಂದೆ ನಿಲ್ಲಿಸುತ್ತಿದ್ದೆ. ಗೂಡು ಮುಟ್ಟಲಿಲ್ಲ, ಟೊಂಗೆ ಬಗ್ಗಿಸಲಿಲ್ಲ, ಇನ್ನೇನು ಪಾಪ? ಆ ಗಂಡು ಹಗಲು ಹೊತ್ತು ಹೆಣ್ಣಿನೊಂದಿಗೆ ಸರದಿಯ ಮೇಲೆ ಕಾವಿಗೆ ಕೂರುತ್ತದೆ, ನಾನು ಸಿಳ್ಳೆ ಹೊಡೆದಾಗಲೆಲ್ಲ ಅದು ಎದ್ದು ಬರುತ್ತದೆ ಎಂಬುದು ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದೂ ಒಂದು ಮಿಮಿಕ್ರಿ.

ಮೂರನೆಯ ದಿನ ಮೆಟ್ಟಿಲ ಮೇಲೆ ಕಾಕು ನನ್ನ ತೋಳು ಹಿಡಿದಳು. ಕಣ್ಣು ಹೊಳೆಯುತ್ತಿದ್ದವು.

"ಮಿಠ್ಠೂ, ಇನ್ನೊಂದು ಬಂದೈತೋ! ಎರಡನೇ ಗಂಡು. ನಿನ್ನೆ ಮಾಳಿಗಿ ಮ್ಯಾಲ ಬಟ್ಟಿ ಒಣಗಾಕಾಕತ್ತಿದ್ದೆ, ಕೇಳಿಸ್ತು. ಎಂಥಾ ದನಿ ಅಂತಿ? ನಮ್ಮದಕ್ಕಿಂತ ಒಂದು ಎಳಿ ಉದ್ದ ಎಳಿತೈತಿ."

ನಾನು ಏನೆಂದೆ? "ಹೌದೇನ್ರಿ ಕಾಕು!" ಎಂದೆ. ಆಶ್ಚರ್ಯದ ಮಿಮಿಕ್ರಿ, ತುಂಬ ಚೆನ್ನಾಗಿ ಬಂತು. ಒಳಗೆ ಹೇಸಿಗೆಯಾಗಬೇಕಿತ್ತು. ಆದದ್ದು ಹೆಮ್ಮೆ. ಪ್ರೆಶರ್ ಕುಕ್ಕರ್ ಎಂದಿದ್ದಳಲ್ಲ, ಈಗ ಅವಳ ಕಿವಿಯೇ ಮೋಸಹೋಯಿತಲ್ಲ! ಮಾತು ಕೊಟ್ಟಿದ್ದೇನೆ ಎಂದೇ ಅವಳಿಗೆ ನನ್ನ ಮೇಲೆ ಅನುಮಾನ ಹುಟ್ಟಲಿಲ್ಲ ಎಂಬುದು ನನ್ನ ಹೆಡ್ಡ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ಅವಳು ಆ ಎರಡನೆಯ ಗಂಡನ್ನು ಹುಡುಕತೊಡಗಿದಳು. ಬೆಳಗ್ಗೆ ಒಂದೊಂದೇ ಮರದ ಕೆಳಗೆ ನಿಂತು, ಸವೆದ ಅಂಚನ್ನು ತುಂಬಿಕೊಳ್ಳಲು ಕತ್ತನ್ನು ಗೂಬೆಯ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತ ನೋಡುವಳು. ಒಮ್ಮೆ ಬಂಡೆ ಎಡವಿ ಮೊಣಕಾಲು ಒಡೆದುಕೊಂಡಳು. ನಾನು ಅವಳ ಜೊತೆಗೇ ಇರುತ್ತಿದ್ದೆ, "ಆ ಕಡೆ ನೋಡ್ರಿ, ಈ ಕಡೆ ನೋಡ್ರಿ" ಎನ್ನುತ್ತ. ಅವಳು ಹುಡುಕುತ್ತಿದ್ದ ಹಕ್ಕಿಯೇ ಅವಳ ಕೈ ಹಿಡಿದು ಬಂಡೆ ದಾಟಿಸುತ್ತಿತ್ತು.

ದಿನ ಕಳೆದಂತೆ ಅವಳ ಸಂತೋಷಕ್ಕೆ ಚಿಂತೆ ಕೂಡಿತು. "ನಮ್ಮ ಗಂಡು ಹಗಲಿನ್ಯಾಗ ಗೂಡಿನ್ಯಾಗ ನಿಲ್ಲವಲ್ದು. ಮಾಳಿಗಿಯಿಂದ ನೋಡಾಕತ್ತೀನಿ, ಆ ಇನ್ನೊಂದರ ಹಿಂದ ಓಡಿ ಓಡಿ ಹೋಗಾಕತ್ತೈತಿ. ಹೆಣ್ಣು ಎಷ್ಟಂತ ಕೂಡಬೇಕು, ಅದಕ್ಕೂ ಹೊಟ್ಟಿ ಐತಿಲ್ಲೋ? ಆ ಹಾದಿಹೋಕ ಸಿಕ್ಕರ ಓಡಿಸಿಬಿಡತೀನಿ ನೋಡು." ಈಗಲಾದರೂ ಹೇಳಬಹುದಿತ್ತು. ಲೀಡಿಗೆ ಇನ್ನೂ ಬೇಕಾದ ಚಿತ್ರ ಸಿಕ್ಕಿರಲಿಲ್ಲ. "ಎರಡು ದಿನ" ಎಂದಿದ್ದ. ನಾನು ಅದನ್ನೇ ಮನಸ್ಸಿನಲ್ಲಿ ಅವನ ಮೂಗಿನ ದನಿಯಲ್ಲಿ ಹೇಳಿಕೊಂಡೆ.

ಟ್ಯಾಂಕಿನ ಮೇಲೆ ಹನ್ನೊಂದನೆಯ ಗೆರೆ ಬಿದ್ದ ದಿನ. ಎಂಟೂಕಾಲು ಆಗಿರಬಹುದು. ನಾನು ಪೊದೆಯ ಮುಂದೆ ತುಟಿ ಚೂಪು ಮಾಡಿ ನಿಂತಿದ್ದೆ, ಹಿಂದೆ ಐದು ಲೆನ್ಸು. ಸಿಳ್ಳೆ ಹೊಡೆದೆ. ಬಲಗಡೆ ಒಣಎಲೆಯ ಸದ್ದಾಯಿತು. ಕೈಯಲ್ಲಿ ಒಂದು ಬಡಿಗೆ, ಕಾಲಿಗೆ ಗಂಡನ ಬೂಟು. ದನಿಯ ಜಾಡು ಹಿಡಿದು ಹಾದಿಹೋಕನನ್ನು ಓಡಿಸಲು ಬಂದಿದ್ದಳು ಕಾಕು.

"ಆಂಟೀ, ಜರಾ ಸೈಡ್! ಫ್ರೇಮ್ ಮೇ ಆರೆ ಆಪ್" ಎಂದ ಲೀಡು.

ಕಾಕು ಅವನ ಕಡೆ ನೋಡಲಿಲ್ಲ. ನನ್ನ ತುಟಿ ನೋಡುತ್ತಿದ್ದಳು. ಅವು ಇನ್ನೂ ಗುಂಡಗೇ ಇದ್ದವು, ಬಿಚ್ಚಲು ಮರೆತಿದ್ದೆ.

"ಎರಡನೇದು ಸಿಕ್ತು" ಎಂದಳು ಮೆಲ್ಲಗೆ. ಮತ್ತೆ, ಎಂದೂ ಇಲ್ಲದ ಮರ್ಯಾದೆಯಿಂದ, "ಯಾಕ ನಿಂತ್ರಿ ಸಾಹೇಬ್ರ? ಹೊಡೀರಿ. ಇಷ್ಟು ದಿನ ಮಾಳಿಗಿಯಿಂದ ಕೇಳಿದೆ. ಹತ್ತರದಿಂದನೂ ಕೇಳತೀನಿ."

"ಬಜಾ, ಬಜಾ" ಎಂದು ಹಿಂದಿನಿಂದ ಲೀಡು ಪಿಸುಗುಟ್ಟಿದ.

ನಾನು ಹೊಡೆದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆ ಕ್ಯಾಮೆರಾದವರು ಯಾರೂ ಕನ್ನಡ ಓದುವುದಿಲ್ಲ. ಆದರೆ ಹೊಡೆದೆ. ಯಾರಾದರೂ ಕೀಲಿ ತಿರುಗಿಸಿದರೆ ದನಿ ಹೊರಡುವ ಯಂತ್ರ ಆಗಿಹೋಗಿದ್ದೆ. ಗಂಡು ಬಂತು, ನನಗೂ ಕಾಕುವಿಗೂ ನಡುವಿನ ಸೀತಾಫಲದ ಕಡ್ಡಿಗೆ, ಕೈಗೆಟಕುವಷ್ಟು ಹತ್ತಿರ. ಎದೆಯುಬ್ಬಿಸಿ, ಬಾಯಿ ತೆರೆದು ನಿಂತಿತು. ಐದು ಕ್ಯಾಮೆರಾ ಒಟ್ಟಿಗೆ ಹುರಿಯುವ ಕಡಲೆ ಸಿಡಿದ ಹಾಗೆ ಸಿಡಿದವು.

ಕಾಕು ಹಕ್ಕಿ ನೋಡದೆ ಬೇವಿನ ಕಡೆ ತಿರುಗಿದಳು. ಗಂಡು ಇಲ್ಲಿ ಇದ್ದರೆ ಗೂಡಿನಲ್ಲಿ ಯಾರು ಎಂಬುದು ಅವಳೊಬ್ಬಳ ಲೆಕ್ಕ. ಹೆಣ್ಣು ಹೊಟ್ಟೆಗೆ ಹುಡುಕಿಕೊಂಡು ಹೋಗಿತ್ತು. ಬೇವಿನ ಕವಲಿನಿಂದ ಒಂದು ಕೆಂಬೂತ ಭಾರವಾಗಿ, ಯಾವ ಅವಸರವೂ ಇಲ್ಲದೆ, ಟೊಂಗೆಯಿಂದ ಟೊಂಗೆಗೆ ಇಳಿದುಬರುತ್ತಿತ್ತು. ಗೂಡು ಒಂದು ಬದಿಗೆ ವಾಲಿತ್ತು.

"ಅರೇ ಯಾರ್, ಕ್ಯಾ ಲೈಟ್ ಹೈ!" ಎಂದು ಲೀಡು ಬಿಳಿಯ ಲೆನ್ಸನ್ನು ಆ ಕಡೆ ತಿರುಗಿಸಿ ಕೆಂಬೂತವನ್ನೂ ಹೊಡೆದ. ಆಮೇಲೆ ತಲೆ ತಗ್ಗಿಸಿ, ಕ್ಯಾಮೆರಾದ ಬೆನ್ನಿನಲ್ಲಿ ಅದನ್ನು ದೊಡ್ಡದು ಮಾಡಿ, ಎಲ್ಲರಿಗೂ ತೋರಿಸಿದ. ಕೊಕ್ಕಿನ ತುದಿಗೆ ಹಳದಿಯಾದದ್ದೇನೋ ಅಂಟಿ ಹೊಳೆಯುತ್ತಿತ್ತು. "ಡೀಟೇಲ್ ದೇಖೋ" ಎಂದ.

ಕಾಕು ಬಡಿಗೆಯನ್ನು ಬಂಡೆಗೆ ಒರಗಿಸಿಟ್ಟು ಮನೆಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು, ಅದನ್ನಾದರೂ ಕಲಿತುಕೊಂಡು ಯಾರ ಮುಂದಾದರೂ ಆಡಿ ತೋರಿಸುತ್ತಿದ್ದೆ. ಮಾರನೆಯ ದಿನದಿಂದ ಮೆಟ್ಟಿಲ ಮೇಲೆ ಸಿಕ್ಕರೆ ಪಕ್ಕಕ್ಕೆ ಸರಿದು, "ಬರ್ರಿ ಸಾಹೇಬ್ರ, ನೀವು ಮೊದಲ ಹೋಗ್ರಿ" ಎನ್ನುತ್ತಿದ್ದಳು. ನಮ್ಮವ್ವನಿಗೆ ಖುಷಿಯೋ ಖುಷಿ. "ನೋಡೋ, ಟ್ರೇನರ್ ಆದ ಮ್ಯಾಲ ಮ್ಯಾಲಿನ ಮನಿ ಕಾಕುನೂ ನಿನಗ ರೀ ಅನ್ನಾಕತ್ತಾಳ!" ಹೌದು, ಟ್ರೇನರ್ ಆಗಿದ್ದೆ. ಹೊಸದಾಗಿ ಸೇರಿದವರಿಗೆ ಇನ್ನೊಬ್ಬರ ಹಾಗೆ ಮಾತಾಡುವುದನ್ನು ಕಲಿಸುತ್ತಿದ್ದೆ.

ಮುಂದಿನ ಮಳೆ ಬರುವ ಮೊದಲೇ ಆ ಕುರುಚಲಿಗೆ ಜೆಸಿಬಿ ಇಳಿಯಿತು. ಬೇವು ಮೊದಲ ವಾರ ಹೋಯಿತು, ಬಂಡೆಗಳು ತಿಂಗಳೊಪ್ಪತ್ತಿನಲ್ಲಿ. ಈಗ ಅಲ್ಲಿ ಹದಿನಾಲ್ಕು ಅಂತಸ್ತಿನ ಮೂರು ಗೋಪುರಗಳಿವೆ. ಬಾಲ್ಕನಿಗೆಲ್ಲ ಪಾರಿವಾಳ ಬಾರದಂತೆ ಬಲೆ ಕಟ್ಟಿದ್ದಾರೆ. ಮೆಟ್ರೊ ಇಳಿದವರು ಆ ಬಲೆಗಳ ಹಿಂದೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಲೀಡು ಅಮೆರಿಕದಲ್ಲಿದ್ದಾನೆ, ಅಲ್ಲಿನ ಹಕ್ಕಿಗಳ ಗತಿ ನನಗೆ ಗೊತ್ತಿಲ್ಲ. ಕಾಕು ಎರಡು ವರ್ಷದ ಹಿಂದೆ ಬೀದರಿನಲ್ಲಿ ತೀರಿಕೊಂಡಳಂತೆ. ನನಗೆ ಸುದ್ದಿ ತಲುಪಿದ್ದು ಮೂರು ತಿಂಗಳು ತಡವಾಗಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ. ಕೊನೆಕೊನೆಗೆ ಕಣ್ಣು ಪೂರ್ತಿ ಹೋಗಿತ್ತಂತೆ. ಮರಿ ಹಾರುವುದನ್ನು ಎಲ್ಲಾದರೂ ನೋಡಿದಳೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಕೇಳಿದರೂ ಹೇಳಲು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ… ಮನೆಗೆ ಬಂದು ಬಚ್ಚಲಲ್ಲಿ ನಿಂತು ಆ ಸಿಳ್ಳೆಯನ್ನು ಒಮ್ಮೆ ಪ್ರಯತ್ನಿಸಿದೆ. ಗಾಳಿ ಮಾತ್ರ ಬಂತು. ಉಳಿದ ಎಲ್ಲರೂ ನನ್ನ ಗಂಟಲಲ್ಲಿ ಇನ್ನೂ ಇದ್ದಾರೆ, ಆ ಹಕ್ಕಿ ಇಲ್ಲ. ಕಾಕುವಿನ ದನಿಯನ್ನು ನಾನಾಗಿಯೇ ಆಡುವುದಿಲ್ಲ.

ಆದರೆ ಒಂದು ಮಾತು ಮಾತ್ರ ಅವಳ ದನಿಯಲ್ಲೇ, ಅಕ್ಷರವೂ ತಪ್ಪದೆ ಕೇಳುತ್ತದೆ. ಗೂಡು ಹೋದ ಎರಡು ತಿಂಗಳಿಗೆ ಲೀಡಿನ ಚಿತ್ರಕ್ಕೆ ಆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಸೀತಾಫಲದ ಕಡ್ಡಿಯ ಮೇಲೆ ಮಧುರಕಂಠ, ಉಬ್ಬಿದ ಎದೆ, ತೆರೆದ ಕೊಕ್ಕು, ಪುಕ್ಕಪುಕ್ಕವೂ ಎಣಿಸುವಷ್ಟು ಸ್ಪಷ್ಟ. ಕೆಳಗೆ ಇಂಗ್ಲಿಷಿನಲ್ಲಿ 'ಬೆಳಗಿನ ಆನಂದಗೀತೆ' ಎಂದು ಹೆಸರು. ನನ್ನ ತಲೆಗೆ ಹೊಳೆದದ್ದು ಏನು ಗೊತ್ತೇ? ಅಂಚು ಸವೆದ ಕಣ್ಣಿಗೂ ನಡುವೆ ಕಾಣುತ್ತದಲ್ಲ. ಓಡಾಡದ, ನಡುವಿನಲ್ಲೇ ಕೂತಿರುವ ಹಕ್ಕಿಯೊಂದನ್ನು ಕೊಟ್ಟರೆ ಕಾಕುವಿಗೆ ಸಮಾಧಾನ ಆದೀತು ಎಂದು. ಚಿತ್ರಕ್ಕೆ ಗಾಜು ಕಟ್ಟು ಹಾಕಿಸಿ ಅವಳ ಬಾಗಿಲಿಗೆ ಒಯ್ದೆ. "ಇನ್ನ ಇದು ಎಲ್ಲೂ ಹಾರಿ ಹೋಗಂಗಿಲ್ಲ ಕಾಕು. ದಿನಾ ನೋಡಬಹುದು. ನೋಡ್ರಿ, ಎಷ್ಟು ಚೆಂದ ಹಾಡಾಕತ್ತೈತಿ" ಎಂದೆ.

ಕಾಕು ಶಾಲಿನಿಂದ ಕೈ ಹೊರಗೆ ತೆಗೆದು ಚಿತ್ರ ಇಸಿದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು, ಮುಖದ ಎದುರಿಗೆ ನೆಟ್ಟಗೆ ತಂದು, ಬಹಳ ಹೊತ್ತು ನೋಡಿದಳು. ಬೆಲ್ಟು ನಿಲ್ಲಿಸಿ ಒಂದೇ ಗುಳಿಗೆಯನ್ನು ಪರೀಕ್ಷಿಸುವ ಹಾಗೆ. ಆಮೇಲೆ ಎರಡೂ ಕೈಯಿಂದ, ಬಹಳ ಮರ್ಯಾದೆಯಿಂದ, ನನಗೇ ತಿರುಗಿ ಕೊಟ್ಟಳು.

"ಹಾಡಾಕತ್ತಿಲ್ಲರಿ ಸಾಹೇಬ್ರ, ಬೈಯಾಕತ್ತೈತಿ. ಬೈಸಿಕೊಂಡಾವ್ರು ನೀವು, ನಿಮ್ಮ ಮನಿ ಗ್ವಾಡಿಗೇ ಹಾಕ್ಕೊಳ್ರಿ."